ಶುಗರ್ ಮಾತ್ರೆಗೆ ಗೆಡ್ಡೆ ಕರಗುತ್ತದೆಯೇ?

2002ರ ಕೊನೆಯ ಒಂದು ಗುರುವಾರ ಸಂಜೆ. ವಿಭಾಗದ ಜರ್ನಲ್ ಕ್ಲಬ್ಬಿನಲ್ಲಿ ಪ್ರಬಂಧ ಓದುವ ಸರದಿ ನನ್ನದು. ನಾನಾಗ ಬೆಂಗಳೂರಿನ ಒಂದು ಬೋಧಕ ಆಸ್ಪತ್ರೆಯಲ್ಲಿ ಎಂಡೋಕ್ರೈನಾಲಜಿ ಕಲಿಯುತ್ತಿದ್ದೆ. ಕೈಯಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯ ನವೆಂಬರ್ ಸಂಚಿಕೆಯ ಜೆರಾಕ್ಸ್ ಪ್ರತಿ. ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ಆಂಥೊನಿ ಹೀನಿ, ಶ್ಲೋಮೊ ಮೆಲ್ಮೆಡ್ ಮತ್ತು ಸಂಗಡಿಗರು ಬರೆದಿದ್ದರು. ಸಾರಾಂಶ ಇಷ್ಟು: ನಮ್ಮ ಹೊರರೋಗಿ ವಿಭಾಗದಲ್ಲಿ ದಿನಾ ಬರೆದುಕೊಡುತ್ತಿದ್ದ ರೋಸಿಗ್ಲಿಟಾಜೋನ್ ಎಂಬ ಶುಗರ್ ಮಾತ್ರೆ ಪಿಟ್ಯುಟರಿ ಗೆಡ್ಡೆಯ ಜೀವಕೋಶಗಳ ಬೆಳವಣಿಗೆ ನಿಲ್ಲಿಸುತ್ತದೆ, ಅವು ಸಾಯುವಂತೆ ಮಾಡುತ್ತದೆ, ಅವು ಸುರಿಸುವ ಹಾರ್ಮೋನನ್ನೂ ತಗ್ಗಿಸುತ್ತದೆ. ಪ್ರಯೋಗ ನಡೆದದ್ದು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಮತ್ತು ಇಲಿಗಳ ಮೇಲೆ.

ಓದಿ ಮುಗಿಸಿದಾಗ ಕೋಣೆಯಲ್ಲಿ ಎಲ್ಲರ ಮನಸ್ಸಿಗೂ ಬಂದದ್ದು ಒಬ್ಬರೇ ರೋಗಿ ಎಂದು ಈಗಲೂ ನಂಬಿದ್ದೇನೆ. ಅರಸೀಕೆರೆ ಕಡೆಯ ಹೆಣ್ಣುಮಗಳು, ಮೂವತ್ತೆರಡು ಮೂವತ್ತಮೂರು ವಯಸ್ಸು. ಪಿಟ್ಯುಟರಿ ಎಂದರೆ ಮೆದುಳಿನ ಬುಡದಲ್ಲಿ, ಮೂಗಿನ ಹಿಂದೆ, ಕುದುರೆಯ ಜೀನಿನಂತಿರುವ ಎಲುಬಿನ ಗುಳಿಯಲ್ಲಿ ಕೂತ ಗ್ರಂಥಿ. ಕಡಲೆಕಾಳಿನಷ್ಟು ಗಾತ್ರ, ಅರ್ಧ ಗ್ರಾಂ ತೂಕ. ಆಕೆಗೆ ಅದರಲ್ಲೊಂದು ಸಾಸಿವೆಯಷ್ಟು ಗೆಡ್ಡೆ. ಆ ಸಾಸಿವೆ ಎಸಿಟಿಎಚ್ ಎಂಬ ಹಾರ್ಮೋನನ್ನು ಹಗಲೂ ರಾತ್ರಿ ಸುರಿಸುತ್ತಿತ್ತು. ಅದರ ಹುಕುಂ ಕೇಳಿ ಮೂತ್ರಪಿಂಡದ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ತಯಾರಿಸುತ್ತಲೇ ಇದ್ದವು. ಮುಖ ಉಬ್ಬಿ ದುಂಡಗಾಗಿತ್ತು, ಹೊಟ್ಟೆಯ ಮೇಲೆ ನೇರಳೆ ಗೀರು, ಮುಟ್ಟಿದಲ್ಲೆಲ್ಲ ಹೆಪ್ಪುಗಟ್ಟಿದ ಕಲೆ, ರಕ್ತದೊತ್ತಡ, ಸಕ್ಕರೆ. “ಮದುವೆಯಾದ ಮೇಲೆ ಮೈ ಕೈ ತುಂಬ್ಕೊಂಡ್ಳು ಅಂತ ಎಲ್ರೂ ಖುಷಿಪಟ್ರು ಡಾಕ್ಟ್ರೇ” ಎಂದು ಆಕೆಯ ಅತ್ತೆ ಹೇಳಿದ್ದು ನೆನಪಿದೆ. ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ 1912ರಲ್ಲಿ ಇಂಥ ಮೊದಲ ರೋಗಿಯನ್ನು ವರ್ಣಿಸಿ, 1932ರಲ್ಲಿ ಇದರ ಬೇರು ಪಿಟ್ಯುಟರಿಯಲ್ಲಿದೆ ಎಂದು ವಿವರವಾಗಿ ಬರೆದ. ಕಾಯಿಲೆಗೆ ಅವನದೇ ಹೆಸರು.

ಮೂಗಿನ ಮೂಲಕ ಶಸ್ತ್ರಚಿಕಿತ್ಸೆ ಆಗಿತ್ತು. ಗೆಡ್ಡೆ ಪೂರ್ತಿ ಬಂದಿರಲಿಲ್ಲ. ಅಡ್ರಿನಲ್ ಎರಡನ್ನೂ ತೆಗೆಸಲು ಮನೆಯವರು ಹೆದರಿದ್ದರು. ನಮಗೆ ಉಳಿದದ್ದು ಕಾರ್ಟಿಸಾಲ್ ತಗ್ಗಿಸುವ ಕೀಟೋಕೊನಜೋಲ್ ಮಾತ್ರೆ, ಅದಕ್ಕೆ ಆಕೆಯ ಲಿವರ್ ಒಗ್ಗಲಿಲ್ಲ. ಅಷ್ಟರಲ್ಲಿ ಬಂತು ಈ ಪ್ರಬಂಧ. ಆಕೆಗೆ ಹೇಗೂ ಸಕ್ಕರೆ ಇತ್ತಲ್ಲ, ರೋಸಿಗ್ಲಿಟಾಜೋನ್ ಕೊಡಲು ಯಾರ ಅಡ್ಡಿಯೂ ಇರಲಿಲ್ಲ. ಶುರುಮಾಡಿದೆವು. ಅಲ್ಲಿಂದ ಕಲಿತದ್ದನ್ನು, ಕಲಿತ ಕ್ರಮದಲ್ಲೇನೂ ಅಲ್ಲ, ಇಲ್ಲಿ ಬರೆದಿಟ್ಟಿದ್ದೇನೆ.

1. ಗೆಡ್ಡೆಗೆ ಮೊದಲು ಪೊಟ್ಟಣ ಹುಡುಕಿ

ನಮ್ಮ ನಾಡಿನಲ್ಲಿ ದುಂಡು ಮುಖ, ತೆಳುಚರ್ಮ, ನೇರಳೆ ಗೀರು ಕಂಡರೆ ಅದರ ಕಾರಣ ಪಿಟ್ಯುಟರಿಯಾಗಿರುವುದು ಅಪರೂಪ. ಮಂಡಿನೋವಿಗೆ, ಉಬ್ಬಸಕ್ಕೆ, ಚರ್ಮದ ತುರಿಕೆಗೆ ಯಾರೋ ಕಟ್ಟಿಕೊಟ್ಟ ಬಿಳಿ ಪುಡಿಯ ಪೊಟ್ಟಣದಲ್ಲಿ ಕಾರ್ಟಿಸಾಲಿನಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್ ಇರುತ್ತದೆ. ಮುಖದ ಕಪ್ಪು ಹೋಗಲಿ ಎಂದು ವರ್ಷಗಟ್ಟಲೆ ಹಚ್ಚಿದ ಮುಲಾಮಿನಲ್ಲೂ ಇರುತ್ತದೆ. “ಬೇರೆ ಏನಾದ್ರೂ ಔಷಧಿ ತಗೊಳ್ತೀರಾ?” ಎಂದರೆ ಇಲ್ಲ ಎನ್ನುತ್ತಾರೆ. “ನೋವಿಗೆ ಪುಡಿ, ನಾಟಿ ಮದ್ದು ಏನಾದ್ರೂ?” ಎಂದು ಕೇಳಿದರೆ ಚೀಲದಿಂದ ಹೊರಬರುತ್ತದೆ. ಇದನ್ನು ಕೇಳದೆ ಯಾವ ಅಧ್ಯಯನಕ್ಕೂ ರೋಗಿಯನ್ನು ಸೇರಿಸಬಾರದು.

ಇನ್ನೊಂದು ಪರೀಕ್ಷೆ ಉಂಟು, ಕಾಸು ಬೇಡದ್ದು. ಕುಕ್ಕರಗಾಲಲ್ಲಿ ಕೂತು, ಕೈ ಊರದೆ ಏಳಲು ಹೇಳಿ. ಕಾರ್ಟಿಸಾಲ್ ತೊಡೆಯ ಸ್ನಾಯು ತಿಂದುಹಾಕಿದ್ದರೆ ಏಳಲಾಗುವುದಿಲ್ಲ. ಬರೀ ದಪ್ಪಗಿರುವವರು ಏದುಸಿರು ಬಿಟ್ಟುಕೊಂಡಾದರೂ ಏಳುತ್ತಾರೆ.

2. ಇಲಿಯ ಲೆಕ್ಕವನ್ನು ಮನುಷ್ಯರ ಮಾತ್ರೆಗೆ ಇಳಿಸಿ ನೋಡಿ

ಆ ಗುರುವಾರ ನಾನು ಮಾಡದೆ ಬಿಟ್ಟ ಕೆಲಸ ಇದು. ಐದು ನಿಮಿಷದ ಗುಣಾಕಾರ ಭಾಗಾಕಾರ. ಇಲಿಗೆ ಕೊಟ್ಟದ್ದು ದಿನಕ್ಕೆ ಕೆ.ಜಿ. ತೂಕಕ್ಕೆ 150 ಮಿಲಿಗ್ರಾಂ. ಇಲಿಯ ಮೈ ಚಿಕ್ಕದು, ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ, ಅದಕ್ಕಾಗಿ ಮನುಷ್ಯರಿಗೆ ಲೆಕ್ಕ ಹಾಕುವಾಗ ಸುಮಾರು 12ರಿಂದ ಭಾಗಿಸುವ ರೂಢಿಯಿದೆ. ಹಾಗೆ ಭಾಗಿಸಿದರೂ 60 ಕೆ.ಜಿ.ಯ ಹೆಂಗಸಿಗೆ ದಿನಕ್ಕೆ 750 ಮಿಲಿಗ್ರಾಂ ಬೇಕಾಗುತ್ತದೆ. ಸಕ್ಕರೆ ಕಾಯಿಲೆಗೆ ನಾವು ಕೊಡುತ್ತಿದ್ದ ಅತಿ ಹೆಚ್ಚಿನ ಪ್ರಮಾಣ 8 ಮಿಲಿಗ್ರಾಂ. ತೊಂಬತ್ತು ಪಟ್ಟು ಅಂತರ! ಗೆಡ್ಡೆಯ ಬಾಗಿಲಿಗೆ ಕಲ್ಲು ಬೀಳಬೇಕಾಗಿದ್ದಲ್ಲಿ ನಾವು ಹೂವಿನ ಪಕಳೆ ಎಸೆಯುತ್ತಿದ್ದೆವು.

ಲೆಕ್ಕ ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಇಲಿಗಳಿಗೆ ಪಿಟ್ಯುಟರಿಯಲ್ಲಿ ಗೆಡ್ಡೆ ಬಂದದ್ದಲ್ಲ. ರೋಗನಿರೋಧಕ ಶಕ್ತಿ ಇಲ್ಲದ ಬೋಳು ಇಲಿಗಳ ಚರ್ಮದ ಕೆಳಗೆ, ಪ್ರಯೋಗಾಲಯದಲ್ಲಿ ದಶಕಗಳಿಂದ ಸಾಕಿಕೊಂಡು ಬಂದ ಒಂದು ಕೋಶವಂಶವನ್ನು ಚುಚ್ಚಿ ಬೆಳೆಸಿದ ಗೆಡ್ಡೆಗಳು. ಆ ಕೋಶಗಳು ದಿನಗಳಲ್ಲಿ ದುಪ್ಪಟ್ಟಾಗುತ್ತವೆ. ಮನುಷ್ಯರ ಪಿಟ್ಯುಟರಿ ಗೆಡ್ಡೆ ಹಾಗಲ್ಲ, ಅದು ಆಲಸಿ. ನೂರು ಕೋಶ ಎಣಿಸಿದರೆ ಒಂದೋ ಎರಡೋ ಮಾತ್ರ ವಿಭಜನೆಯ ಹಾದಿಯಲ್ಲಿರುತ್ತವೆ. ಓಡುವವನ ಕಾಲಿಗೆ ಹಗ್ಗ ಕಟ್ಟಿದರೆ ಬೀಳುತ್ತಾನೆ. ಕೂತವನ ಕಾಲಿಗೆ ಕಟ್ಟಿದರೆ?

ಇದನ್ನು ಹೇಳುವುದು ಲಾಸ್ ಏಂಜಲಿಸ್‌ನವರನ್ನು ಹಳಿಯಲು ಅಲ್ಲ. ಅವರು ಮಾಡಿದ ಕೆಲಸ ಅಚ್ಚುಕಟ್ಟಾದದ್ದು. ಇಲಿಗೆ ಎಷ್ಟು ಕೊಟ್ಟೆವು ಎಂಬುದನ್ನು ಅವರೇನೂ ಮುಚ್ಚಿಟ್ಟಿರಲಿಲ್ಲ, ಅಚ್ಚಿನಲ್ಲೇ ಇತ್ತು. ಓದುವ ಅವಸರ ನಮ್ಮದು.

3. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಮದ್ದಿನ ಆಸೆ ಬೇರೆ ಥರ

ಹೊಸ ಅಣುವೊಂದು ಪ್ರಯೋಗಾಲಯದಿಂದ ರೋಗಿಯವರೆಗೆ ಬರಲು ಹತ್ತು ಹದಿನೈದು ವರ್ಷ ಬೇಕು. ಆ ಕಾಯುವಿಕೆಯೇ ಒಂದು ಜರಡಿ. ಆದರೆ ರೋಸಿಗ್ಲಿಟಾಜೋನ್ ಆಗಲೇ ನಮ್ಮ ಊರಿನ ಗಾಜಿನ ಕಪಾಟಿನಲ್ಲಿತ್ತು; ಅಮೆರಿಕದಲ್ಲಿ 1999ರಲ್ಲೇ ಅನುಮತಿ ಸಿಕ್ಕಿತ್ತು, ಇಲ್ಲಿ ಹಲವು ಕಂಪನಿಗಳು ಕಡಿಮೆ ದರಕ್ಕೆ ಮಾರುತ್ತಿದ್ದವು. ಜರಡಿಯೇ ಇಲ್ಲ. ಗುರುವಾರ ಓದಿದ್ದನ್ನು ಸೋಮವಾರ ಬರೆದುಕೊಡಬಹುದು. ನಾವು ಮಾಡಿದ್ದೂ ಅದನ್ನೇ, ಮಂಗಳವಾರ.

4. ಕ್ಯಾನಿನ ಪಾಠ

ಕುಶಿಂಗ್ ಕಾಯಿಲೆಯಲ್ಲಿ ಔಷಧಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಆಗ ನಮಗಿದ್ದ ಮುಖ್ಯ ಅಳತೆಗೋಲು ಇಪ್ಪತ್ತನಾಲ್ಕು ಗಂಟೆಯ ಮೂತ್ರ. ಅದರಲ್ಲಿ ಎಷ್ಟು ಕಾರ್ಟಿಸಾಲ್ ಹೋಗಿದೆ ಎಂದು ಅಳೆಯುವುದು. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಪರೀಕ್ಷೆ, ನಿಜದಲ್ಲಿ ಒಂದು ಸಂಸಾರದ ಎರಡು ದಿನವನ್ನು ನುಂಗುತ್ತದೆ.

ಬೆಳಿಗ್ಗೆ ಎದ್ದು ಮೊದಲ ಸಲ ಹೋದದ್ದನ್ನು ಚೆಲ್ಲಬೇಕು. ಆಮೇಲಿನದೆಲ್ಲ ಕ್ಯಾನಿಗೆ. ಮರುದಿನ ಬೆಳಿಗ್ಗೆ ಎದ್ದು ಹೋದದ್ದೂ ಕ್ಯಾನಿಗೆ. ಇಷ್ಟನ್ನು ಎಷ್ಟು ಬಗೆಯಲ್ಲಿ ತಪ್ಪಾಗಿ ಅರ್ಥಮಾಡಿಕೊಳ್ಳಬಹುದೋ ಅಷ್ಟನ್ನೂ ನೋಡಿದ್ದೇನೆ. ಮೊದಲನೆಯದನ್ನೂ ಸೇರಿಸಿದವರಿದ್ದಾರೆ, ಕೊನೆಯದನ್ನು ಚೆಲ್ಲಿದವರಿದ್ದಾರೆ. ಹಗಲು ಹೊಲದ ಕೆಲಸಕ್ಕೆ ಹೋಗಿ ಅಲ್ಲೇ ಮುಗಿಸಿ ಬಂದವರು, ಮದುವೆ ಮನೆಯಲ್ಲಿ ಕ್ಯಾನು ಹಿಡಿದು ಓಡಾಡಲು ನಾಚಿಕೆಯಾಗಿ ಅರ್ಧ ದಿನದ್ದನ್ನಷ್ಟೇ ತಂದವರು. ಒಬ್ಬಾಕೆ ಕ್ಯಾನು ತುಂಬಲಿಲ್ಲ ಎಂದು ಬೇಸರಪಟ್ಟುಕೊಂಡು ನೀರು ಬೆರೆಸಿ ತಂದಿದ್ದರು. ಡಾಕ್ಟರು ಐದು ಲೀಟರಿನ ಕ್ಯಾನು ಕೊಟ್ಟಿದ್ದಾರೆ ಎಂದ ಮೇಲೆ ಐದು ಲೀಟರು ಬೇಕೇ ಬೇಕಲ್ಲವೇ!

ನಮ್ಮ ಅರಸೀಕೆರೆಯ ರೋಗಿ ಶಿಸ್ತಿನವಳು. ಖಾಲಿಯಾದ ಅಡುಗೆಎಣ್ಣೆ ಕ್ಯಾನನ್ನು ತೊಳೆದು ಒಣಗಿಸಿ, ಅದರ ಮೇಲೆ ಬಟ್ಟೆಚೀಲ ಹಾಕಿ ಬಸ್ಸಿನಲ್ಲಿ ತಂದಿದ್ದಳು. ಕಂಡಕ್ಟರು “ಏನಮ್ಮ, ಗಾಣದ ಎಣ್ಣೆನಾ?” ಎಂದು ಕೇಳಿದನಂತೆ. ಆಕೆ ಹೂಂ ಎಂದಳಂತೆ. ಇದನ್ನು ಹೇಳಿ ಅತ್ತೆ ಸೊಸೆ ಇಬ್ಬರೂ ನಕ್ಕರು. ಆ ಕಾಯಿಲೆಯಲ್ಲಿ ನಗು ಕಮ್ಮಿ, ಅದಕ್ಕೇ ನೆನಪಿದೆ.

ಕಲಿತದ್ದು: ಒಂದು ಕ್ಯಾನನ್ನು ನಂಬಬೇಡಿ. ಕಡಿಮೆಯೆಂದರೆ ಎರಡು, ಸಾಧ್ಯವಾದರೆ ಮೂರು. ಪ್ರತಿ ಸಲವೂ ಒಟ್ಟು ಎಷ್ಟು ಮಿಲಿಲೀಟರ್ ಎಂದು ಬರೆಯಿರಿ, ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೋಗುವ ಕ್ರಿಯಾಟಿನಿನ್ ಅಳೆಯಿಸಿ. ಅದು ಹಿಂದಿನ ಸಲಕ್ಕಿಂತ ಅರ್ಧಕ್ಕಿಳಿದಿದ್ದರೆ ಮೂತ್ರವೇ ಅರ್ಧ ಬಂದಿದೆ, ಕಾರ್ಟಿಸಾಲ್ ಇಳಿದದ್ದಲ್ಲ. ಎಲ್ಲ ಸರಿಯಾಗಿ ಸಂಗ್ರಹಿಸಿದರೂ ಈ ಕಾಯಿಲೆಯವರಲ್ಲಿ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಅರ್ಧದಷ್ಟು ಏರಿಳಿತ ಇರುತ್ತದೆ. ಕೆಲವರಲ್ಲಂತೂ ಗೆಡ್ಡೆ ವಾರಗಟ್ಟಲೆ ತೆಪ್ಪಗಿದ್ದು ಮತ್ತೆ ಎದ್ದು ಕೂರುತ್ತದೆ. ಈಗ ರಾತ್ರಿ ಹನ್ನೊಂದರ ಹೊತ್ತಿಗೆ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆಯುವ ಸೌಕರ್ಯ ಬಂದಿದೆ. ಹತ್ತಿಯ ಸುರುಳಿ ಬಾಯಲ್ಲಿಟ್ಟು ಅಗಿದು ಡಬ್ಬಿಗೆ ಹಾಕಿದರಾಯಿತು. ಕ್ಯಾನಿನ ಪಾಡು ತಪ್ಪಿದೆ, ಏರಿಳಿತ ತಪ್ಪಿಲ್ಲ.

5. ಸಕ್ಕರೆ ಇಳಿಯಿತು ಅಂದರೆ ಗೆಡ್ಡೆ ಇಳಿಯಿತು ಅಂತಲ್ಲ

ಈ ಒಂದು ಪಾಠ ಹೇಳಲಿಕ್ಕಾಗಿಯೇ ಉಳಿದದ್ದನ್ನೆಲ್ಲ ಬರೆಯುತ್ತಿದ್ದೇನೆ ಎಂದರೂ ನಡೆದೀತು.

ಮಾತ್ರೆ ಶುರುಮಾಡಿ ಆರು ವಾರಕ್ಕೆ ಆಕೆ ಬಂದಾಗ ಉಪವಾಸದ ಸಕ್ಕರೆ ಚೆನ್ನಾಗಿ ಇಳಿದಿತ್ತು. ರಾತ್ರಿ ನಾಲ್ಕು ಸಲ ಏಳುತ್ತಿದ್ದವಳು ಒಂದೇ ಸಲ ಏಳುತ್ತಿದ್ದಳು. “ಸುಸ್ತು ಕಮ್ಮಿ ಆಗಿದೆ ಡಾಕ್ಟ್ರೇ” ಎಂದಳು. ಕ್ಯಾನಿನ ಕಾರ್ಟಿಸಾಲ್ ಮೂರರಲ್ಲೊಂದು ಪಾಲು ಇಳಿದಿತ್ತು. ನಮಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫೋಟೋ ತೆಗೆದೆವು. ವರದಿ ಬರೆಯುವ ಮಾತೂ ಬಂತು.

ಬಿಡಿಸಿ ನೋಡಿದರೆ ಅಲ್ಲಿ ಏನಿತ್ತು? ರೋಸಿಗ್ಲಿಟಾಜೋನ್ ಶುಗರ್ ಮಾತ್ರೆ, ಸಕ್ಕರೆ ಇಳಿಸುವುದೇ ಅದರ ಕಸುಬು. ಪಿಪಿಎಆರ್-ಗ್ಯಾಮಾ ಎಂಬ ಗ್ರಾಹಕವನ್ನು ಕೊಬ್ಬಿನ ಕೋಶದೊಳಗೆ ತಟ್ಟಿ ಎಬ್ಬಿಸಿ, ಇನ್ಸುಲಿನ್ನಿನ ಮಾತನ್ನು ದೇಹ ಕೇಳುವಂತೆ ಮಾಡುತ್ತದೆ. ಗೆಡ್ಡೆಯನ್ನು ಮುಟ್ಟದೆಯೇ ಅದು ಆ ಕೆಲಸ ಮಾಡಬಲ್ಲದು. ಸಕ್ಕರೆ ಇಳಿದ ಮೇಲೆ ಮೂತ್ರ ಕಮ್ಮಿ, ನಿದ್ದೆ ಜಾಸ್ತಿ, ಸುಸ್ತು ಕಮ್ಮಿ. ಆಕೆಗಾದ ಸುಖ ಸುಳ್ಳಲ್ಲ, ಆದರೆ ಅದು ಪಿಟ್ಯುಟರಿಯಿಂದ ಬಂದದ್ದಲ್ಲ. ಇನ್ನು ಕಾರ್ಟಿಸಾಲಿನ ಇಳಿತ? ಒಂದೇ ಕ್ಯಾನು, ಅದೂ ಕ್ರಿಯಾಟಿನಿನ್ ನೋಡದ ಕ್ಯಾನು. ಬೆಳಗಿನ ಎಸಿಟಿಎಚ್ ಮೊದಲಿದ್ದಷ್ಟೇ ಇತ್ತು. ಆ ಅಂಕಿಯನ್ನು ನಾವು ಓದಿದೆವು, ಪಕ್ಕಕ್ಕಿಟ್ಟೆವು. ಮೂರನೇ ತಿಂಗಳ ಕ್ಯಾನಿನಲ್ಲಿ ಕಾರ್ಟಿಸಾಲ್ ಹಳೆಯ ಜಾಗಕ್ಕೇ ವಾಪಸ್ಸಾಗಿತ್ತು. ಸಕ್ಕರೆ ಮಾತ್ರ ಚೆನ್ನಾಗಿಯೇ ಇತ್ತು, ಯಾಕಿರಬಾರದು?

ಒಂದು ರೋಗಕ್ಕೆಂದು ಹುಟ್ಟಿದ ಮದ್ದನ್ನು ಇನ್ನೊಂದು ರೋಗದಲ್ಲಿ ಪರೀಕ್ಷಿಸುವಾಗ, ಎರಡನೆಯ ರೋಗ ಮೊದಲನೆಯದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ಇಂಥ ಮೋಸ ಆಗಿಯೇ ಆಗುತ್ತದೆ. ಆದ್ದರಿಂದ ಸಕ್ಕರೆ, ತೂಕ, ಸುಸ್ತು ಇವನ್ನು ಬರೆದಿಡಿ, ರೋಗಿಗೆ ಅವು ಮುಖ್ಯ. ಗೆಡ್ಡೆಯ ತೀರ್ಪಿಗೆ ಮಾತ್ರ ಅವುಗಳ ಸಾಕ್ಷಿ ಬೇಡ.

6. ಸೋಲು ಯಾವುದೆಂದು ಮೊದಲೇ ಬರೆದಿಡಿ

ನಾವು ಒಬ್ಬಾಕೆಯಲ್ಲಿ ಕಂಡದ್ದನ್ನು ಬೇರೆಯವರು ಹತ್ತಾರು ಜನರಲ್ಲಿ ನೋಡಿ ಪ್ರಕಟಿಸಿದರು. 2004ರಲ್ಲಿ ಇಟಲಿಯ ಅಂಬ್ರೋಸಿ ಮತ್ತು ಸಂಗಡಿಗರ ವರದಿ ಬಂತು: 14 ರೋಗಿಗಳು, ಅವರಲ್ಲಿ 6 ಮಂದಿಗೆ ಕಾರ್ಟಿಸಾಲ್ ಇಳಿಯಿತು, 8 ಮಂದಿಗೆ ಇಲ್ಲ. ಮರುವರ್ಷ ಷಿಕಾಗೋದ ಸೂರಿ ಮತ್ತು ವೈಸ್ ಇದೇ ಮನೆತನದ ಪಿಯೋಗ್ಲಿಟಾಜೋನನ್ನು ದಿನಕ್ಕೆ 45 ಮಿಲಿಗ್ರಾಂನಂತೆ 5 ರೋಗಿಗಳಿಗೆ 30 ದಿನ ಕೊಟ್ಟು, ಏನೂ ಆಗಲಿಲ್ಲ ಎಂದು ಬರೆದರು. 2007ರಲ್ಲಿ ಟರ್ಕಿಯಿಂದ ಬಂದ ವರದಿಯಲ್ಲಿ ಪಿಟ್ಯುಟರಿ ಗೆಡ್ಡೆ ಬೆಳವಣಿಗೆ ಹಾರ್ಮೋನನ್ನು ಸುರಿಸುವ ಆಕ್ರೊಮೆಗಲಿ ಕಾಯಿಲೆಯವರಲ್ಲೂ ಆ ಹಾರ್ಮೋನು ರೋಸಿಗ್ಲಿಟಾಜೋನಿಗೆ ಜಗ್ಗಿರಲಿಲ್ಲ.

6 ಮತ್ತು 8. ಈ ಎರಡು ಅಂಕಿಯ ಮೇಲೆ ಎಷ್ಟು ಜಗಳ! ಆಶಾವಾದಿಗಳು ಆರನ್ನು ಹಿಡಿದರು, ಉಳಿದವರು ಎಂಟನ್ನು. ಅರ್ಧದಷ್ಟು ತನ್ನಷ್ಟಕ್ಕೇ ಏರಿಳಿಯುವ ಅಳತೆಗೋಲಿನಲ್ಲಿ, ಹೋಲಿಸಲು ಮದ್ದಿಲ್ಲದ ಹುಸಿ ಮಾತ್ರೆಯ ಗುಂಪಿಲ್ಲದೆ, ಹದಿನಾಲ್ಕು ಜನರಲ್ಲಿ ಆರು ಮಂದಿಗೆ ಇಳಿಯುವುದು ಕಾಕತಾಳೀಯವೂ ಇರಬಹುದು. ದೊಡ್ಡ ಅಧ್ಯಯನ ಮಾಡಿ ಎನ್ನುವುದು ಸುಲಭ. ಈ ಕಾಯಿಲೆ ಹತ್ತು ಲಕ್ಷ ಜನರಿಗೆ ವರ್ಷಕ್ಕೆ ಒಂದೋ ಎರಡೋ ಹೊಸದಾಗಿ ಬರುವಂಥದ್ದು. ಒಂದು ಜಿಲ್ಲೆಯನ್ನೆಲ್ಲ ಜಾಲಾಡಿದರೂ ಒಂದು ವಾರ್ಡು ತುಂಬುವುದಿಲ್ಲ.

ಹಾಗಾಗಿ ಚಿಕ್ಕ ಅಧ್ಯಯನ ಅನಿವಾರ್ಯ. ಚಿಕ್ಕದಾಗಿದ್ದಷ್ಟೂ ಕಟ್ಟು ಬಿಗಿಯಾಗಿರಬೇಕು. ಮಾತ್ರೆ ಕೊಡುವ ಮೊದಲೇ ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಇನ್ನೊಬ್ಬರ ಸಹಿ ಹಾಕಿಸಿ: ಇಷ್ಟು ವಾರಕ್ಕೆ, ಇಷ್ಟು ಕ್ಯಾನಿನ ಸರಾಸರಿ, ಇಷ್ಟಕ್ಕೆ ಇಳಿಯದಿದ್ದರೆ ಸೋಲು, ನಿಲ್ಲಿಸುತ್ತೇವೆ. ನಮ್ಮ ದೇಶದಲ್ಲಿ ಕ್ಲಿನಿಕಲ್ ಟ್ರಯಲ್‌ಗಳ ಸಾರ್ವಜನಿಕ ನೋಂದಣಿ 2007ರಲ್ಲಿ ಶುರುವಾಗಿ 2009ರಲ್ಲಿ ಕಡ್ಡಾಯವಾಯಿತು. ಅದು ಬಂದಾಗ ಇನ್ನೊಂದು ಕಾಗದದ ಕಾಟ ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ಈಗ ಅನ್ನಿಸುತ್ತದೆ, 2003ರಲ್ಲಿ ಅಂಥ ಹಾಳೆಯೊಂದು ನಮ್ಮ ಮೇಜಿನ ಮೇಲಿದ್ದಿದ್ದರೆ ಆರನೇ ವಾರಕ್ಕೆ ಫೋಟೋ ತೆಗೆಯುತ್ತಿರಲಿಲ್ಲ.

7. ಮದ್ದು ರೋಗದ ವೇಷ ಹಾಕಿಕೊಂಡಾಗ

ನಾಲ್ಕನೇ ತಿಂಗಳು ಆಕೆಯ ಕಾಲು ಊದಿಕೊಂಡಿತು. ತೂಕ ಎರಡೂವರೆ ಕೆ.ಜಿ. ಏರಿತು. ಇದು ಕುಶಿಂಗ್ ಜೋರಾದದ್ದೋ, ಮಾತ್ರೆಯದ್ದೋ? ರೋಸಿಗ್ಲಿಟಾಜೋನ್ ಮನೆತನದ ಗ್ಲಿಟಾಜೋನ್‌ಗಳು ದೇಹದಲ್ಲಿ ನೀರು ಹಿಡಿದಿಡುತ್ತವೆ, ಕೊಬ್ಬು ಹೆಚ್ಚಿಸುತ್ತವೆ. ಕಾರ್ಟಿಸಾಲೂ ಅದನ್ನೇ ಮಾಡುತ್ತದೆ. ಕಳ್ಳನೂ ಪೊಲೀಸನೂ ಒಂದೇ ಬಣ್ಣದ ಅಂಗಿ ತೊಟ್ಟ ಹಾಗೆ.

ಎಲುಬಿನ ಕಥೆ ಇನ್ನೂ ಕೆಟ್ಟದ್ದು, ಅದು ಗೊತ್ತಾದದ್ದು ಆಮೇಲೆ. 2006ರ ಕೊನೆಗೆ ‘ಅಡಾಪ್ಟ್’ ಅಧ್ಯಯನದ ಫಲಿತಾಂಶ ಬಂತು. ನಾಲ್ಕು ಸಾವಿರಕ್ಕೂ ಹೆಚ್ಚು ಸಕ್ಕರೆ ರೋಗಿಗಳಲ್ಲಿ ಮೂರು ಮಾತ್ರೆಗಳ ಹೋಲಿಕೆ. ಎಲುಬು ಮುರಿದುಕೊಂಡ ಹೆಂಗಸರು ರೋಸಿಗ್ಲಿಟಾಜೋನ್ ಗುಂಪಿನಲ್ಲಿ ಶೇ. 9.3, ಮೆಟ್‌ಫಾರ್ಮಿನ್ ಗುಂಪಿನಲ್ಲಿ ಶೇ. 5.1, ಗ್ಲೈಬುರೈಡ್ ಗುಂಪಿನಲ್ಲಿ ಶೇ. 3.5. ಕುಶಿಂಗ್ ರೋಗಿಯ ಬೆನ್ನೆಲುಬು ಮೊದಲೇ ಹಪ್ಪಳ. ಅದರ ಮೇಲೆ ಇದನ್ನೂ ಹೇರಿದ್ದೆವು.

ಆಗಿನಿಂದ ಯಾವ ಹಳೇ ಮಾತ್ರೆಯ ಹೊಸ ಉಪಯೋಗದ ಸುದ್ದಿ ಬಂದರೂ ನಾನು ಮೊದಲು ಓದುವುದು ಅಡ್ಡಪರಿಣಾಮದ ಪಟ್ಟಿ. ಅದನ್ನು ರೋಗಲಕ್ಷಣದ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡುತ್ತೇನೆ. ಎರಡರಲ್ಲೂ ಒಂದೇ ಪದಗಳು ಕಂಡರೆ ಪುಟ ಮಗುಚುತ್ತೇನೆ.

8. ಸಾಲದ ಸುರಕ್ಷತೆ

“ಲಕ್ಷಾಂತರ ಜನ ತಿಂದ ಮಾತ್ರೆ, ಭಯ ಯಾಕೆ?” ಇದು ನಮ್ಮ ಪ್ರೊಫೆಸರ ಮಾತಲ್ಲ, ನನ್ನದೇ ಮಾತು, ಆಕೆಯ ಗಂಡನಿಗೆ ಹೇಳಿದ್ದು. 2007ರ ಮೇ ತಿಂಗಳಲ್ಲಿ ಅಮೆರಿಕದ ಸ್ಟೀವನ್ ನಿಸೆನ್ ಮತ್ತು ಕ್ಯಾಥಿ ವೊಲ್ಸ್‌ಕಿ 42 ಅಧ್ಯಯನಗಳನ್ನು ಒಟ್ಟುಗೂಡಿಸಿ, ರೋಸಿಗ್ಲಿಟಾಜೋನ್ ತೆಗೆದುಕೊಂಡವರಲ್ಲಿ ಹೃದಯಾಘಾತದ ಸಂಭವ ಶೇ. 43ರಷ್ಟು ಹೆಚ್ಚು ಎಂದು ತೋರಿಸಿದರು. 2010ರಲ್ಲಿ ಯುರೋಪ್ ಅದನ್ನು ಮಾರುಕಟ್ಟೆಯಿಂದ ತೆಗೆಯಿತು, ಅಮೆರಿಕ ಬಿಗಿ ಕಟ್ಟುಪಾಡು ಹಾಕಿತು, ಭಾರತವೂ ನಿಷೇಧಿಸಿತು. 2013ರಲ್ಲಿ, ಅಪಾಯ ಅಂದುಕೊಂಡಷ್ಟಿಲ್ಲ ಎಂದು ಅಮೆರಿಕ ಕಟ್ಟುಪಾಡು ಸಡಿಲಿಸಿತು. ಅದೇ ವರ್ಷ ನಮ್ಮಲ್ಲಿ ಪಿಯೋಗ್ಲಿಟಾಜೋನನ್ನು ಜೂನ್‌ನಲ್ಲಿ ತಡೆದು, ಜುಲೈ ಮುಗಿಯುವಷ್ಟರಲ್ಲಿ ಎಚ್ಚರಿಕೆಯ ಚೀಟಿ ಅಂಟಿಸಿ ಮತ್ತೆ ಬಿಟ್ಟರು. ಈ ಮಾತ್ರೆಗಳ ಮನೆತನದ ಹಿರಿಯಣ್ಣ ಟ್ರೋಗ್ಲಿಟಾಜೋನ್ ಲಿವರ್ ಹಾಳುಮಾಡಿ 2000ದಲ್ಲೇ ಅಮೆರಿಕದ ಮಾರುಕಟ್ಟೆ ಬಿಟ್ಟಿತ್ತು ಎಂಬುದು ನಮಗೆ ಆಗಲೇ ಗೊತ್ತಿತ್ತು.

ಆಕೆಯ ಹೃದಯಕ್ಕೆ ಏನೂ ಆಗಲಿಲ್ಲ. ಅದು ನನ್ನ ಜಾಣತನವಲ್ಲ.

9. “ನೀವು ಹೇಳಿದ ಮೇಲೆ ಮುಗೀತು ಸಾರ್”

ಒಪ್ಪಿಗೆ ಪತ್ರ ಓದಿಸಲು ಕೂತರೆ ನಮ್ಮ ರೋಗಿಗಳು ಹೇಳುವ ಮಾತು ಇದು. ಹೇಳಿ, ಸಹಿ ಎಲ್ಲಿ ಹಾಕಬೇಕು ಎಂದು ಪೆನ್ನು ಹುಡುಕುತ್ತಾರೆ. ‘ಪ್ರಯೋಗ’ ಎಂಬ ಪದ ಬಳಸಿದರೆ ಬೆಚ್ಚಿಬೀಳುತ್ತಾರೆ, ‘ಹೊಸ ಚಿಕಿತ್ಸೆ’ ಎಂದರೆ ಕಣ್ಣರಳಿಸುತ್ತಾರೆ. ಎರಡೂ ಸರಿಯಲ್ಲ. ನಾನು ಈಗ ಹೇಳುವುದು ಹೀಗೆ: “ಈ ಮಾತ್ರೆಯಿಂದ ನಿಮ್ಮ ಗೆಡ್ಡೆಗೆ ಉಪಯೋಗ ಆಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲಮ್ಮ. ತಿಳ್ಕೊಳ್ಳೋಕೇ ಕೊಡ್ತಿದ್ದೀನಿ. ಬೇಡ ಅಂದ್ರೂ ನಿಮ್ಮನ್ನ ಇದೇ ಥರ ನೋಡ್ಕೊಳ್ತೀನಿ.” ‘ಗೊತ್ತಿಲ್ಲ’ ಎಂಬ ಪದ ಬರುವವರೆಗೆ ಅವರು ತಲೆಯಾಡಿಸುತ್ತಿರುತ್ತಾರೆ. ಅದು ಬಂದಾಗ ನಿಲ್ಲಿಸಿ, ಮುಖ ನೋಡುತ್ತಾರೆ. ನಿಜವಾದ ಮಾತುಕತೆ ಅಲ್ಲಿಂದ ಶುರು.

ಅರಸೀಕೆರೆಯ ರೋಗಿಗೆ ಆ ಪದವನ್ನು ನಾನು ಹೇಳಿರಲಿಲ್ಲ.

10. ದಾರಿ ಎರಡೂ ದಿಕ್ಕಿಗಿದೆ

ಇಷ್ಟೆಲ್ಲ ಓದಿ ಹಳೇ ಮಾತ್ರೆಗಳ ಮರುಪರೀಕ್ಷೆಯೇ ದಂಡ ಎಂದುಕೊಳ್ಳಬೇಡಿ. ಪಿಟ್ಯುಟರಿಗೂ ಸಕ್ಕರೆಗೂ ನಂಟು ಹಳೆಯದು. ಪ್ರೊಲ್ಯಾಕ್ಟಿನ್ ಸುರಿಸುವ ಗೆಡ್ಡೆಗಳನ್ನು ಶಸ್ತ್ರಕ್ರಿಯೆಯಿಲ್ಲದೆ ಕುಗ್ಗಿಸಲು ಎಪ್ಪತ್ತರ ದಶಕದಿಂದ ಬಳಸುತ್ತಿದ್ದ ಬ್ರೋಮೊಕ್ರಿಪ್ಟಿನ್‌ಗೆ 2009ರಲ್ಲಿ ಅಮೆರಿಕದಲ್ಲಿ ಶುಗರ್ ಮಾತ್ರೆಯಾಗಿ ಅನುಮತಿ ಸಿಕ್ಕಿತು. ನಾವು ಹೋಗಲು ನೋಡಿದ ದಾರಿಯಲ್ಲಿ ಅದು ಎದುರಿನಿಂದ ಬಂತು! ಗರ್ಭಪಾತದ ಮಾತ್ರೆಯೆಂದೇ ಹೆಸರಾದ ಮಿಫೆಪ್ರಿಸ್ಟೋನ್ 2012ರಲ್ಲಿ ಕುಶಿಂಗ್ ರೋಗಿಗಳ ಸಕ್ಕರೆ ಹತೋಟಿಗೆ ಅನುಮತಿ ಪಡೆಯಿತು. ಗಮನಿಸಿ, ಗೆಡ್ಡೆಗೆ ಅಂತಲ್ಲ, ಸಕ್ಕರೆಗೆ ಅಂತ. ಏನನ್ನು ಅಳೆದರೋ ಅದನ್ನಷ್ಟೇ ಹೇಳಿದ್ದಾರೆ. ಅದೇ ವರ್ಷ ಬಂದ ಪ್ಯಾಸಿರಿಯೊಟೈಡ್ ಚುಚ್ಚುಮದ್ದು ನಿಜವಾಗಿಯೂ ಪಿಟ್ಯುಟರಿ ಗೆಡ್ಡೆಯ ಮೇಲೆ ಕೆಲಸ ಮಾಡುತ್ತದೆ. ಆದರೆ 162 ರೋಗಿಗಳ ಅಧ್ಯಯನದಲ್ಲಿ ಶೇ. 73 ಮಂದಿಗೆ ಸಕ್ಕರೆ ಏರಿದ ತೊಂದರೆ ಕಂಡಿತು. ಗೆಡ್ಡೆಯ ಮದ್ದು ಕೊಟ್ಟು, ಅದರ ಬೆನ್ನಿಗೇ ಶುಗರ್ ಮಾತ್ರೆ ಬರೆದುಕೊಡುತ್ತೇವೆ.

ಗ್ಲಿಟಾಜೋನ್ ಕಥೆಯೂ ಪೂರ್ತಿ ವ್ಯರ್ಥವಾಗಲಿಲ್ಲ. 2006ರಲ್ಲಿ ಲಂಡನ್ನಿನ ಸಂಶೋಧಕರು ಆ ಔಷಧಿ ತಟ್ಟೆಯಲ್ಲಿ ಪಿಟ್ಯುಟರಿ ಕೋಶಗಳನ್ನು ತಡೆಯುವುದು ಪಿಪಿಎಆರ್-ಗ್ಯಾಮಾ ಮೂಲಕವೇ ಅಲ್ಲದಿರಬಹುದು ಎಂದು ತೋರಿಸಿದರು. ಕೀಲಿ ಸರಿಯಿತ್ತು ಅಂದುಕೊಂಡಿದ್ದೆವು, ಬೀಗವೇ ಬೇರೆ. ಇದು ಗೊತ್ತಾಗಲು ಯಾರೋ ಸೋತ ಪ್ರಯೋಗವನ್ನು ಮತ್ತೆ ಬಿಚ್ಚಿ ನೋಡಬೇಕಾಯಿತು. ಸೋತದ್ದನ್ನು ಪ್ರಕಟಿಸಿದ ಸೂರಿ-ವೈಸ್ ಅಂಥವರ ಬಗ್ಗೆ ನನಗೆ ಗೌರವ ಹೆಚ್ಚು. ನಮ್ಮ ಒಬ್ಬ ರೋಗಿಯ ಸೋಲನ್ನು ನಾವು ಎಲ್ಲೂ ಬರೆಯಲಿಲ್ಲ. ಗೆದ್ದಿದ್ದರೆ ಬರೆಯುತ್ತಿದ್ದೆವು.

11. ಬೆರಳ ಗೆಣ್ಣು ನೋಡಿ

ಐದನೇ ತಿಂಗಳು ಮಾತ್ರೆ ನಿಲ್ಲಿಸಿದೆವು. ವರ್ಷದೊಳಗೆ ಆಕೆಯ ಎರಡೂ ಅಡ್ರಿನಲ್ ತೆಗೆಸಲಾಯಿತು. ಕಾರ್ಟಿಸಾಲ್ ಹೋಯಿತು, ಹಿಂದೆಯೇ ಸಕ್ಕರೆಯೂ ಹೋಯಿತು, ಒಂದೂ ಶುಗರ್ ಮಾತ್ರೆಯಿಲ್ಲದೆ. ಈಗ ದಿನಕ್ಕೆ ಎರಡು ಸಲ ಹೈಡ್ರೋಕಾರ್ಟಿಸೋನ್, ಜ್ವರ ಬಂದರೆ ದುಪ್ಪಟ್ಟು, ವಾಂತಿಯಾದರೆ ಇಂಜೆಕ್ಷನ್. ಅದನ್ನು ಬರೆದ ಕಾರ್ಡು ಯಾವಾಗಲೂ ಆಕೆಯ ಪರ್ಸಿನಲ್ಲಿ.

ಅಡ್ರಿನಲ್ ತೆಗೆದ ಮೇಲೆ ಕಡಿವಾಣ ಹಾಕಲು ಕಾರ್ಟಿಸಾಲ್ ಇಲ್ಲದೆ ಪಿಟ್ಯುಟರಿ ಗೆಡ್ಡೆ ಕೆಲವರಲ್ಲಿ ದೊಡ್ಡದಾಗುತ್ತದೆ. ನೆಲ್ಸನ್ ಸಿಂಡ್ರೋಮ್ ಎನ್ನುತ್ತಾರೆ. ಎಸಿಟಿಎಚ್ ವಿಪರೀತ ಏರಿ ಚರ್ಮ ಕಪ್ಪಾಗುತ್ತದೆ, ಮೊದಲು ಕಾಣುವುದು ಬೆರಳಿನ ಗೆಣ್ಣು, ಅಂಗೈ ರೇಖೆ, ಒಸಡುಗಳಲ್ಲಿ. ಇಂಥವರಿಗೂ ರೋಸಿಗ್ಲಿಟಾಜೋನ್ ಕೊಟ್ಟು ನೋಡಿದ್ದಾರೆ. 2007ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಬಂದ ವರದಿಯಲ್ಲಿ ಅದಕ್ಕೂ ಉಪಯೋಗವಾಗಿರಲಿಲ್ಲ.

ವರ್ಷಕ್ಕೊಮ್ಮೆ ಎಂಆರ್‌ಐ ಚೀಲ ಹಿಡಿದು ಬರುತ್ತಾಳೆ. ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ, ಫಿಲ್ಮನ್ನು ಬೆಳಕಿಗೆ ಹಿಡಿದು ತಾನೇ ನೋಡಿಕೊಳ್ಳುತ್ತಾಳೆ. ತಾಯಿಗೆ ಫಿಲ್ಮಿನ ಮೇಲೆ ಅಷ್ಟು ನಂಬಿಕೆಯಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲೇ ಎರಡೂ ಕೈಯನ್ನು ಮೇಜಿನ ಮೇಲೆ ಬೋರಲು ಚಾಚಿ, ಬೆರಳು ಮಡಚಿ ತೋರಿಸುತ್ತಾಳೆ.

“ನೋಡಿ ಡಾಕ್ಟ್ರೇ, ಹೋದ ವರ್ಷದಷ್ಟೇ ಇದೆ ಅಲ್ವಾ?”

ಕಿಟಕಿಯ ಬೆಳಕಿಗೆ ಕೈ ತಿರುಗಿಸಿ ನೋಡುತ್ತೇನೆ. ಹೋದ ವರ್ಷದ ಫೋಟೋ ಫೈಲಿನಲ್ಲಿದೆ. ಅದನ್ನೂ ತೆಗೆದು ಪಕ್ಕಕ್ಕಿಟ್ಟು ನೋಡುತ್ತೇನೆ.